ನಾಯಿಸಾಸಿವೆ ಎಂಬ ಹೆಸರು

ಮಂಗಳೂರಿನ ಫಳ್ನೀರಿನಲ್ಲಿದ್ದ ನಮ್ಮ ಮನೆ ಅಜ್ಜಿಯ ಹೆಸರಿನಲ್ಲಿತ್ತು. ಅಜ್ಜಿ ಎಂದರೆ ಅಮ್ಮನ ಅಮ್ಮ. ನಮ್ಮಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಬರುವುದರಿಂದ ಅಪ್ಪ ಆ ಮನೆಯಲ್ಲಿ ಮದುವೆಯಾದಂದಿನಿಂದ ಒಬ್ಬ ಮರ್ಯಾದಸ್ಥ ಅತಿಥಿಯ ಹಾಗೆ ಇದ್ದರು. ಕಂಕನಾಡಿಯಲ್ಲಿ ಅವರದ್ದೊಂದು ಊಟದ ಹೋಟೆಲಿತ್ತು. ಅಲ್ಲಿ ಅವರ ಮಾತು ನಡೆಯುತ್ತಿತ್ತು.

ಅಜ್ಜಿಗೆ ಹಿಂದೆ ಊರಿನಲ್ಲಿ ಗದ್ದೆಗಳಿದ್ದವು. ಭೂಮಸೂದೆ ಬಂದು ಗದ್ದೆಗಳೆಲ್ಲ ಒಕ್ಕಲುಗಳಿಗೆ ಹೋದ ಮೇಲೆ ಆಕೆ ಕಂಚಿನ ಪಾತ್ರೆಗಳನ್ನು ಲಾರಿಗೆ ಹಾಕಿಸಿಕೊಂಡು ಮಂಗಳೂರಿಗೆ ಬಂದು, ಮೊದಲೇ ಕಟ್ಟಿಸಿಟ್ಟಿದ್ದ ಈ ಮನೆಯಲ್ಲಿ ನಮ್ಮೊಂದಿಗೆ ನೆಲೆಸಿದರು. ಹೋದ ಭೂಮಿಯ ಬಗ್ಗೆ ಒಂದು ದಿನವೂ ಗೊಣಗಲಿಲ್ಲ. ಆದರೆ ಅಷ್ಟು ಎಕರೆಯ ಮೇಲೆ ಹರಡಿಕೊಂಡಿದ್ದ ಯಜಮಾನಿಕೆ ಈಗ ಮನೆಯ ಸುತ್ತಲಿನ ಕೆಲವೇ ಸೆಂಟ್ಸ್ ಜಾಗದ ಮೇಲೆ ಬಿತ್ತು. ನಮ್ಮ ಅಂಗಳದಲ್ಲಿ ಅಜ್ಜಿಯ ಅಪ್ಪಣೆ ಇಲ್ಲದೆ ಒಂದು ಹುಲ್ಲು ಹುಟ್ಟುವಂತಿರಲಿಲ್ಲ.

ಹಾಗಿದ್ದೂ ಹುಟ್ಟುತ್ತಿದ್ದದ್ದು ನಾಯಿಸಾಸಿವೆ. ಮಳೆ ಹಿಡಿದ ಕೂಡಲೇ ಮುರಕಲ್ಲಿನ ಕಂಪೌಂಡಿನ ಬುಡದಲ್ಲಿ ಸಾಲಾಗಿ ಏಳುತ್ತಿತ್ತು. ಮೊಣಕಾಲೆತ್ತರದ ಗಿಡ, ಚಿಕ್ಕ ಹಳದಿ ಹೂ, ಮೇಲಕ್ಕೆ ನಿಂತ ಸಪೂರ ಕೋಡು. ಎಲೆ, ದಂಟು, ಕೋಡು ಎಲ್ಲದಕ್ಕೂ ಅಂಟು. ಹಲಸಿನ ಮೇಣದಷ್ಟು ಹಟಮಾರಿಯಲ್ಲ, ಆದರೆ ಸೀರೆಯ ಅಂಚು ತಾಗಿದರೆ ನಮ್ಮೊಟ್ಟಿಗೆ ಒಳಗೆ ಬರುವಷ್ಟು ಅಂಟು. ವಾಸನೆಯೂ ಉಂಟು, ಅದು ಕೈ ತೊಳೆದರೂ ಸ್ವಲ್ಪ ಹೊತ್ತು ಇರುತ್ತದೆ. ಅಜ್ಜಿ ಪ್ರತಿ ವರ್ಷ ಗದ್ದೆಕೆಲಸದ ಹೆಂಗಸೊಬ್ಬಳನ್ನು ಕರೆಸಿ, ಪಕ್ಕದಲ್ಲೇ ಮಣೆ ಹಾಕಿ ಕುಳಿತು, ಅದನ್ನು ಕೀಳಿಸುತ್ತಿದ್ದರು. ಮುಂದಿನ ವರ್ಷ ಅದು ಪುನಃ ಬರುತ್ತಿತ್ತು. ಇಬ್ಬರೂ ಸೋಲು ಒಪ್ಪಿದವರಲ್ಲ.

ಎಪ್ಪತ್ತರ ದಶಕದ ಕೊನೆಯ ಕಡೆ, ಒಂದು ಮೇ ತಿಂಗಳಲ್ಲಿ, ಮಾಳಿಗೆಯನ್ನು ಬಾಡಿಗೆಗೆ ಕೊಟ್ಟೆವು. ಬಂದವನು ಬೈಕಂಪಾಡಿಯ ಕಾರ್ಖಾನೆಯೊಂದರ ಇಂಜಿನಿಯರ್. ಹಿಮಾಲಯದ ಬುಡದ ಗಢವಾಲಿನ ಕಡೆಯವನು. ಜೊತೆಗೆ ಮದುವೆಯಾಗಿ ವರ್ಷವೂ ಆಗದ ಹೆಂಡತಿ, ನನ್ನದೇ ಪ್ರಾಯದವಳು. ಅವರು ಮೀನು ತಿನ್ನುವುದಿಲ್ಲ ಎಂದು ತಿಳಿದಾಗ ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಊಟಕ್ಕೆ ಎಂತ ತಿನ್ನುತ್ತಾರೆ?" ಎಂದು ಕೇಳಿದರು. ಅಜ್ಜಿ ಮಾತಾಡುತ್ತಿದ್ದದ್ದು ತುಳು ಮಾತ್ರ. ನಾನಿಲ್ಲಿ ಬರೆಯುತ್ತಿರುವುದು ಅದರ ಕನ್ನಡ.

ನಾನಾಗ ಒಂದು ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತಿದ್ದೆ, ಮದುವೆಗೆ ಗಂಡು ಹುಡುಕುವ ಕೆಲಸ ಮನೆಯಲ್ಲಿ ನಡೆಯುತ್ತಿತ್ತು. ಹಿಂದಿ ಪರೀಕ್ಷೆಗಳಲ್ಲೆಲ್ಲ ಪಾಸಾಗಿದ್ದೆ. ಆದರೆ ಹಿಂದಿಯವರೊಬ್ಬರ ಹತ್ತಿರ ಮಾತಾಡುವ ಪ್ರಸಂಗ ಅಲ್ಲಿಯವರೆಗೆ ಬಂದಿರಲಿಲ್ಲ. ಮೊದಲ ದಿನ ಮೇಲೆ ಹೋಗಿ, ಪುಸ್ತಕದಲ್ಲಿದ್ದ ಹಾಗೆಯೇ, "ದೇವೀಜೀ, ನಿಮ್ಮ ಶುಭಾಗಮನದಿಂದ ನಾವು ಕೃತಾರ್ಥರಾದೆವು" ಎಂದೆ. ಅವಳು ಬಾಗಿಲು ಹಿಡಿದುಕೊಂಡು ನನ್ನನ್ನು ನೋಡಿದಳು. ಆಮೇಲೆ ನೀರು ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳಿದಳು.

ಜೂನ್ ಬಂತು. ನಮ್ಮ ಮಳೆ ಹೊಸಬರಿಗೆ ಎಂತ ಎಂದು ಹೇಳಿದರೆ ಅರ್ಥವಾಗುವುದಿಲ್ಲ. ಅವಳ ಹಾಸಿಗೆ ಒದ್ದೆ, ಬಟ್ಟೆಗೆ ಬೂಸಲು, ಊರಿನಿಂದ ತಂದ ಪೊಟ್ಟಣಗಳಿಗೂ ಬೂಸಲು. ಗಂಡ ಬೆಳಿಗ್ಗೆ ಕಂಪೆನಿ ಬಸ್ಸಿನಲ್ಲಿ ಹೋದರೆ ಸಂಜೆ ಬರುವುದು. ಅವಳು ಮಾಳಿಗೆಯ ಕಿಟಕಿಯಲ್ಲಿ ನಿಂತು ಮಳೆಯನ್ನು ನೋಡುತ್ತಿದ್ದಳು. ನಮ್ಮ ಕುಚ್ಚಲಕ್ಕಿ ಅವಳಿಗೆ ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ, ತೆಂಗಿನೆಣ್ಣೆಯ ವಾಸನೆ ಆಗುತ್ತಿರಲಿಲ್ಲ. ಅಮ್ಮ ಏನಾದರೂ ಕಳಿಸಿದರೆ ಪಾತ್ರೆ ತೊಳೆದು, ಅದರಲ್ಲಿ ಒಂದು ಮುಷ್ಟಿ ಸಕ್ಕರೆ ಹಾಕಿ ವಾಪಸು ಕೊಡುತ್ತಿದ್ದಳು. ಕಳಿಸಿದ್ದನ್ನು ತಿನ್ನಲಿಲ್ಲ ಎಂದು ನಮಗೆ ಗೊತ್ತಿತ್ತು. ಸಕ್ಕರೆಯನ್ನು ಚಹಕ್ಕೆ ಹಾಕುತ್ತಿದ್ದೆವು.

ಆಗಸ್ಟಿನಲ್ಲಿ ಅವಳು ಬಸುರಿ ಎಂದು ಗೊತ್ತಾಯಿತು. ಬಸುರಿಯಾದವಳು ದಪ್ಪವಾಗಬೇಕು. ಇವಳು ಸಪೂರವಾಗುತ್ತಾ ಹೋದಳು. ನಾನೇ ಅವಳನ್ನು ಕಂಕನಾಡಿಯ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಅವರು ಪರೀಕ್ಷೆ ಮಾಡಿ, "ಮನಸ್ಸಿಗೆ ಬಂದದ್ದನ್ನು ತಿನ್ನಲಿಕ್ಕೆ ಹೇಳಿ, ಮತ್ತೆ ಎಂತ ಔಷಧ ಬೇಡ" ಎಂದರು. ಬರುವಾಗ ರಿಕ್ಷಾದಲ್ಲಿ ಕೇಳಿದೆ, "ಏನು ತಿನ್ನಬೇಕೆಂದು ಮನಸ್ಸಾಗುತ್ತದೆ?"

ಅವಳು ಒಂದೇ ಶಬ್ದ ಹೇಳಿದಳು: "ಜಖಿಯಾ."

ನನ್ನ ಹಿಂದಿ ನಿಘಂಟಿನಲ್ಲಿ ಅದಿರಲಿಲ್ಲ. ಅವಳು ವಿವರಿಸಿದಳು. ಒಗ್ಗರಣೆಗೆ ಹಾಕುವ ಬೀಜ, ಚಿಕ್ಕದು, ಕಪ್ಪು, ಎಣ್ಣೆಯಲ್ಲಿ ಸಿಡಿಯುತ್ತದೆ, ಹಲ್ಲಿಗೆ ಸಿಕ್ಕರೆ ಕಟುಂ ಎನ್ನುತ್ತದೆ. ಅವರ ಊರಿನಲ್ಲಿ ಬಟಾಟೆ, ಕೆಸು, ಸೊಪ್ಪು, ಎಲ್ಲದಕ್ಕೂ ಅದೇ ಅಂತೆ. ತಂದದ್ದಕ್ಕೆ ಬೂಸಲು ಹಿಡಿಯಿತು. ಅಮ್ಮ ಸಾಸಿವೆ ತೋರಿಸಿದರು. ಅಲ್ಲ. ಜೀರಿಗೆ, ಕರಿ ಎಳ್ಳು, ಓಮ ತೋರಿಸಿದರು. ಯಾವುದೂ ಅಲ್ಲ. ಅಪ್ಪ ಹೋಟೆಲಿನ ಸಾಮಾನು ತರುವ ಬಂದರಿನ ಅಂಗಡಿಗಳಲ್ಲೆಲ್ಲ ವಿಚಾರಿಸಿದರು. ಒಬ್ಬ ವ್ಯಾಪಾರಿ, "ಅಂಥದ್ದು ಇಲ್ಲವೇ ಇಲ್ಲ ಮಾರಾಯ್ರೆ, ಇದ್ದರೆ ನನ್ನ ಅಂಗಡಿಯಲ್ಲಿ ಇರುತ್ತಿತ್ತು" ಎಂದನಂತೆ. ಅವಳು ಎಲ್ಲದಕ್ಕೂ ತಲೆ ಆಡಿಸಿ, ಉಪಕಾರವಾಯಿತು ಎಂದು ಹೇಳಿ, ಮೇಲೆ ಹೋಗಿ ಮಲಗಿದಳು.

ಸೆಪ್ಟೆಂಬರಿನಲ್ಲಿ ಬಿಸಿಲು ಬಂದ ಮೊದಲ ಭಾನುವಾರ ಅಜ್ಜಿ ಕಳೆ ಕೀಳಿಸಲು ಕುಳಿತರು. ಕಿತ್ತ ನಾಯಿಸಾಸಿವೆಯ ದೊಡ್ಡ ರಾಶಿ ಗೇಟಿನ ಹತ್ತಿರ ಬಿದ್ದಿತ್ತು. ನಾನು ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಹೊರಗಿನ ಮೆಟ್ಟಿಲಿನ ಮೇಲೆ ಧಡಧಡ ಸದ್ದು ಕೇಳಿ ನೋಡಿದರೆ, ಅಷ್ಟು ದಿನ ಗೋಡೆ ಹಿಡಿದು ನಡೆಯುತ್ತಿದ್ದ ಹುಡುಗಿ ಬರಿಗಾಲಿನಲ್ಲಿ ಓಡಿ ಬರುತ್ತಿದ್ದಾಳೆ. ಅಜ್ಜಿ, "ಮೆಲ್ಲ, ಮೆಲ್ಲ!" ಎಂದು ಕೂಗಿದರು. ಅವಳು ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಒಂದು ಗಿಡ ತೆಗೆದು, ಅದರ ಕೋಡನ್ನು ಅಂಗೈಯಲ್ಲಿ ಉಜ್ಜಿ, ಮೂಸಿದಳು. ಮತ್ತೆ ಎರಡೂ ಕೈಯಲ್ಲಿ ಬಾಚಿ ಮಡಿಲಿಗೆ ತುಂಬಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳಲಿಕ್ಕೆ ಕಷ್ಟ. ಅಂಟು ಹತ್ತಿದ ಕೈಯಿಂದ ಮೂಗು ಒರೆಸಿಕೊಂಡದ್ದರಿಂದ ಕೆನ್ನೆಯಲ್ಲಿ ಒಂದು ಎಲೆ ನಿಂತಿತ್ತು.

"ಜಖಿಯಾ! ದೀದಿ, ಇದೇ ಜಖಿಯಾ!"

"ಎಂತ ಆಯಿತು ಇದಕ್ಕೆ?" ಅಜ್ಜಿ ನನ್ನನ್ನು ಕೇಳಿದರು.

"ಇವರ ಊರಿನಲ್ಲಿ ಇದನ್ನು ಒಗ್ಗರಣೆಗೆ ಹಾಕುತ್ತಾರಂತೆ."

ಅಜ್ಜಿ ಕಳೆ ಕೀಳುವವಳನ್ನು ನೋಡಿದರು. ಕಳೆ ಕೀಳುವವಳು ಬೇರೆ ಕಡೆ ನೋಡಿದಳು.

ಆಗ ಹುಡುಗಿ ನನ್ನನ್ನು ಕೇಳಿದಳು, ಇಲ್ಲಿ ಇದಕ್ಕೆ ಏನೆನ್ನುತ್ತೀರಿ? ನನಗೆ ಹೇಳಲು ಮನಸ್ಸಾಗಲಿಲ್ಲ. "ಕಾಡು ಸಾಸಿವೆ" ಎಂಬ ಅರ್ಥ ಬರುವ ಹಾಗೆ ಏನೋ ಹೇಳಿದೆ. ಅಜ್ಜಿಗೆ ನನ್ನ ಮುಖ ನೋಡಿಯೇ ಅನುಮಾನ ಬಂತು. ಅಜ್ಜಿಗೆ ಗೊತ್ತಿದ್ದ ಹಿಂದಿ ಒಟ್ಟು ನಾಲ್ಕೈದು ಶಬ್ದ. ರತ್ನಗಂಬಳಿ ಮಾರುವವರು ಗೇಟಿನ ಹತ್ತಿರ ನಿಂತು, ಒಳಗೆ ನಾಯಿ ಉಂಟಾ ಎಂದು ಕೇಳುತ್ತಿದ್ದ ಪ್ರಶ್ನೆಯಿಂದ ಕಲಿತದ್ದು ಅದರಲ್ಲಿ ಒಂದು. ಅದನ್ನು ಉಪಯೋಗಿಸಲು ಸಂದರ್ಭ ಸಿಕ್ಕಿತು. ಅಜ್ಜಿ ಸ್ಪಷ್ಟವಾಗಿ ಹೇಳಿದರು: "ಕುತ್ತಾ. ಕುತ್ತಾ ಸಾಸಿವೆ."

ಹುಡುಗಿಯ ಕೈ ನಿಂತಿತು. ಅವಳು ನನ್ನನ್ನು ನೋಡಿದಳು. ನಾನು ಅಲ್ಲ ಎನ್ನಲಿಲ್ಲ. ಅವಳು ಎದ್ದು, ಮಡಿಲಲ್ಲಿದ್ದ ಗಿಡಗಳನ್ನು ಬಿಡದೆ, ಮೆಟ್ಟಿಲು ಹತ್ತಿ ಹೋಗಿ ಬಾಗಿಲು ಹಾಕಿಕೊಂಡಳು.

"ಇದ್ದ ಹೆಸರು ಹೇಳಿದೆ" ಎಂದರು ಅಜ್ಜಿ. "ನಾನು ಇಟ್ಟದ್ದಾ ಅದನ್ನು?"

ಸಂಜೆ ಇಂಜಿನಿಯರ್ ಕೆಳಗೆ ಬಂದ. ಬಹಳ ವಿನಯದ ಮನುಷ್ಯ. ಅಂದು ಇನ್ನೂ ಹೆಚ್ಚು ವಿನಯದಲ್ಲಿದ್ದ. ಅದರಿಂದಲೇ ಕೋಪ ಬಂದಿದೆ ಎಂದು ತಿಳಿಯಿತು. ಜಗಲಿಯಲ್ಲಿ ಕುಳಿತು ಅಪ್ಪನ ಹತ್ತಿರ ಇಂಗ್ಲಿಷಿನಲ್ಲಿ ಹೇಳಿದ, ತಾವು ತಿನ್ನುವುದು ನಾಯಿಗಳ ಆಹಾರ ಎಂದು ಮನೆಯ ಹಿರಿಯ ತಾಯಿಯವರು ಹೇಳಿದ್ದಾಗಿ ತನ್ನ ಹೆಂಡತಿಗೆ ಅನ್ನಿಸಿದೆ, ಅದು ತಪ್ಪು ತಿಳುವಳಿಕೆ ಇರಬಹುದು, ಆದರೆ ತಾನು ಬೇರೆ ಮನೆ ನೋಡಬೇಕಾ ಎಂದು.

ಅಪ್ಪ ಬೆವತರು. ಒಳಗೆ ಅಜ್ಜಿ ಇದ್ದರು, ಹೊರಗೆ ಒಳ್ಳೆಯ ಬಾಡಿಗೆದಾರ. ಅವರು ಮಾಡಿದ್ದು ಇಷ್ಟು: ಪಕ್ಕದ ಮನೆಯ ನಿವೃತ್ತ ಕನ್ನಡ ಪಂಡಿತರನ್ನು ಕರೆಸಿದರು. ಪಂಡಿತರು ಅಂಗಿ ಹಾಕಿಕೊಂಡು, ತಮ್ಮ ನಾಯಿಯನ್ನೂ ಕರೆದುಕೊಂಡು ಬಂದರು. ವಿಷಯ ಕೇಳಿ ಅವರಿಗೆ ಬಹಳ ಸಂತೋಷವಾಯಿತು. ರಿಟೈರಾದ ಮೇಲೆ ಅವರನ್ನು ಯಾರೂ ಏನನ್ನೂ ಕೇಳಿರಲಿಲ್ಲ.

"ಇಲ್ಲಿ ನಾಯಿ ಎಂದರೆ ನಾಯಿಯಲ್ಲ" ಎಂದು ಅವರು ಶುರು ಮಾಡಿದರು. "ತುಳಸಿ ಉಂಟು, ನಾಯಿತುಳಸಿ ಉಂಟು. ನೇರಳೆ ಉಂಟು, ನಾಯಿನೇರಳೆ ಉಂಟು. ಇದರ ಹಾಗೆ ಕಾಣುತ್ತದೆ, ಆದರೆ ಇದಲ್ಲ ಎಂದು ಹೇಳಲಿಕ್ಕೆ ನಮ್ಮ ಹಿರಿಯರು ನಾಯಿ ಎಂದು ಸೇರಿಸಿದರು. ಸಾಸಿವೆಯ ಹಾಗೆ ಕೋಡು, ಸಾಸಿವೆಯ ಹಾಗೆ ಬೀಜ, ಆದರೆ ಸಾಸಿವೆಯಲ್ಲ. ಆದ್ದರಿಂದ ನಾಯಿಸಾಸಿವೆ."

ಅಪ್ಪ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಇಂಜಿನಿಯರ್ ಕೇಳಿದ, "ಹಾಗಾದರೆ ಇದು ಬೈಗಳಲ್ಲವಾ?"

ಪಂಡಿತರು ಯೋಚಿಸಿದರು. "ಗಿಡಕ್ಕೆ ಬೈಗಳೇ. ತಿನ್ನುವವರಿಗೆ ಅಲ್ಲ."

"ನಾಯಿ ಇದನ್ನು ತಿನ್ನುವುದಿಲ್ಲವಾ?"

ಪಂಡಿತರು ತಮ್ಮ ನಾಯಿಯನ್ನು ತೋರಿಸಿದರು. ಅಪ್ಪ ಅಂಗಳದಿಂದ ಒಂದು ಗಿಡ ತಂದು ಅದರ ಮೂಗಿನ ಹತ್ತಿರ ಹಿಡಿದರು. ನಾಯಿ ಮೂಸಿತು, ಒಂದು ಸಲ ಸೀನಿತು, ಎದ್ದು ಹೋಗಿ ಗೇಟಿನ ಹತ್ತಿರ ಮಲಗಿತು. ಗಿಡಕ್ಕೂ ನಾಯಿಗೂ ಸಂಬಂಧವಿಲ್ಲ ಎಂದು ಎಲ್ಲರೂ ಒಪ್ಪಿದರು. ಪಂಡಿತರು ಮುಂದುವರಿಸಿ ನಾಯಿಕೊಡೆ, ನಾಯಿಕೆಮ್ಮುಗಳ ಬಗ್ಗೆಯೂ ಹೇಳಿದರು. ಕೆಮ್ಮಿನ ವಿಷಯದಲ್ಲಿ ನಿಯಮ ಬೇರೆಯಂತೆ, ಅಲ್ಲಿ ಸದ್ದು ನಿಜವಾಗಿ ನಾಯಿಯದ್ದೇ ಅಂತೆ. ಇಂಜಿನಿಯರ್ ಎಲ್ಲವನ್ನೂ ಕೇಳಿ, ಚಹ ಕುಡಿದು, ಮೇಲೆ ಹೋದ. ಅವನಿಗೆ ಅರ್ಥವಾಗಿತ್ತು. ಮೇಲಿದ್ದವಳಿಗೆ ಅವನು ಹೇಗೆ ಹೇಳಿದನೋ ಗೊತ್ತಿಲ್ಲ, ಬಾಗಿಲು ಮಾತ್ರ ಮರುದಿನವೂ ಹಾಕಿಯೇ ಇತ್ತು.

ಆ ಸಂಜೆ ನಾನು ಶಾಲೆಯಿಂದ ಬರುವಾಗ ಅಜ್ಜಿ ಸೀರೆ ಬದಲಿಸಿ, ಮೆಟ್ಟಿಲಿನ ಬುಡದಲ್ಲಿ ನಿಂತಿದ್ದರು. ಮೊಣಗಂಟಿನ ನೋವಿನಿಂದಾಗಿ ಅವರು ಆ ಮೆಟ್ಟಿಲು ಹತ್ತಿ ವರ್ಷಗಳಾಗಿದ್ದವು.

"ಬಾ" ಎಂದರು. "ನನಗೆ ಭಾಷೆ ಬೇಕು."

"ಎಂತ ಹೇಳಲಿಕ್ಕೆ ಅಜ್ಜಿ? ಕ್ಷಮೆ ಕೇಳುವುದಾ?"

"ಯಾಕೆ ಕ್ಷಮೆ? ಬಸುರಿ ಹೆಂಗಸು ನನ್ನ ಮನೆಯಲ್ಲಿ ಕಳೆ ತಿನ್ನುತ್ತಾಳೆ. ಏನಾದರೂ ಆದರೆ ಯಾರು ಜವಾಬು? ನಾನು ನೋಡಬೇಕು."

ಒಂದೊಂದೇ ಮೆಟ್ಟಿಲು, ನನ್ನ ಹೆಗಲು ಹಿಡಿದು, ಮೇಲೆ ಹೋದೆವು. ಬಾಗಿಲು ತೆರೆದವಳು ಅಜ್ಜಿಯನ್ನು ನೋಡಿ ಸೆರಗನ್ನು ತಲೆ ಮೇಲೆ ಎಳೆದುಕೊಂಡು ಕಾಲಿಗೆ ಬಗ್ಗಿದಳು. ಎಷ್ಟು ಸಿಟ್ಟಿದ್ದರೂ ಅವರಲ್ಲಿ ಅದನ್ನು ಬಿಡುವುದಿಲ್ಲವಂತೆ. ಅಜ್ಜಿ ಅಡಿಗೆಕೋಣೆಗೆ ಹೋಗಿ ಸ್ಟೂಲಿನ ಮೇಲೆ ಕುಳಿತು, "ಮಾಡಲಿಕ್ಕೆ ಹೇಳು" ಎಂದರು.

ಅವಳು ಅಷ್ಟರಲ್ಲಿ ಹಣ್ಣಾದ ಕೋಡುಗಳನ್ನು ಕಾಗದದ ಮೇಲೆ ಒಣಗಿಸಿ ಒಂದು ಸಣ್ಣ ಬಟ್ಟಲಿನಷ್ಟು ಬೀಜ ಮಾಡಿಟ್ಟಿದ್ದಳು. ಸಾಸಿವೆಗಿಂತ ಸಣ್ಣ ಬೀಜ, ಕಂದು ಕಪ್ಪು. ಎಣ್ಣೆ ಕಾಯಿಸಿ ಹಾಕಿದಾಗ ಅದು ಸಿಡಿಯಿತು, ಮತ್ತೆ ಅಷ್ಟರವರೆಗೆ ಅಂಗಳದಲ್ಲಿ ನಾವು ಯಾರೂ ಮೂಸಿರದ ಒಂದು ಪರಿಮಳ ಬಂತು. ಅವಳು ಬೇಯಿಸಿದ ಬಟಾಟೆ ಹಾಕಿ, ಮೆಣಸಿನ ಹುಡಿ ಹಾಕಿ, ತಿರುವಿ, ತಟ್ಟೆಯಲ್ಲಿ ಅಜ್ಜಿಯ ಮುಂದಿಟ್ಟಳು. ತಾನು ಗೋಡೆಗೆ ಒರಗಿ ನಿಂತಳು.

ಅಜ್ಜಿ ತಿಂದರು. ನಿಧಾನವಾಗಿ, ಹಲ್ಲಿದ್ದ ಕಡೆ ಸರಿಸಿ ಸರಿಸಿ, ಪೂರ್ತಿ ತಿಂದರು. ನಾವಿಬ್ಬರೂ ನೋಡುತ್ತಿದ್ದೆವು. ಕೊನೆಗೆ ತಟ್ಟೆ ಕೆಳಗಿಟ್ಟು ಹೇಳಿದರು, "ಉಪ್ಪು ಕಡಿಮೆ."

ನಾನು ಅದನ್ನು ಹಿಂದಿಗೆ ತಿರುಗಿಸಿದೆ. ಹುಡುಗಿ ನಕ್ಕುಬಿಟ್ಟಳು. ಬಂದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಜ್ಜಿ ನಗಲಿಲ್ಲ. ತಟ್ಟೆಯನ್ನು ಮತ್ತೆ ಮುಂದೆ ದೂಡಿದರು, ಇನ್ನೂ ಸ್ವಲ್ಪ ಹಾಕಲಿಕ್ಕೆ.

ಆಮೇಲೆ ಅಂಗಳದಲ್ಲಿ ಕಳೆ ಕೀಳುವ ಕೆಲಸ ಅರ್ಧಕ್ಕೆ ನಿಂತಿತು. ಕಂಪೌಂಡಿನ ಬುಡದ ಸಾಲನ್ನು ಮುಟ್ಟಬಾರದೆಂದು ಅಪ್ಪಣೆಯಾಯಿತು. ಅಜ್ಜಿ ಹಿಂದೆ ಗದ್ದೆಯ ಪೈರನ್ನು ನೋಡುತ್ತಿದ್ದ ಹಾಗೆ ಬೆಳಿಗ್ಗೆ ಎದ್ದು ನಾಯಿಸಾಸಿವೆಯನ್ನು ನೋಡಲು ಹೋಗುತ್ತಿದ್ದರು. ಕೋಡು ಒಡೆಯುವ ಮೊದಲೇ ಕೊಯ್ಯಿಸಿ, ಚಾಪೆಯಲ್ಲಿ ಒಣಗಿಸಿ, ಕೋಲಿನಿಂದ ಬಡಿಯಿಸಿ, ಗೆರಸೆಯಲ್ಲಿ ಗಾಳಿಗೆ ಹಿಡಿದರು. ಭೂಮಿ ಹೋದ ಮೇಲೆ ಮನೆಗೆ ಬಂದ ಮೊದಲ ಬೆಳೆ ಅದು. ಮೇಲಿನವಳು ತಿನ್ನತೊಡಗಿದಳು. ಆ ಒಗ್ಗರಣೆ ಹಾಕಿದರೆ ಕುಚ್ಚಲಕ್ಕಿಯೂ ಇಳಿಯಿತು. ಚಳಿಗಾಲ ಮುಗಿಯುವಾಗ ಹತ್ತಿರದ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ದಪ್ಪನೆಯ ಮಗು, ಅಪ್ಪನ ಹೋಟೆಲಿನ ತಕ್ಕಡಿಯಲ್ಲಿ ತೂಗಬೇಕೆಂದು ಅಜ್ಜಿ ಹಟ ಮಾಡಿದರು. ಅಮ್ಮ ಬಿಡಲಿಲ್ಲ.

ಮರು ವರ್ಷ ನನ್ನನ್ನು ನೋಡಲು ಒಂದು ಒಳ್ಳೆಯ ಮನೆಯವರು ಬಂದರು. ಹುಡುಗನಿಗೆ ಬೊಂಬಾಯಿಯಲ್ಲಿ ಸ್ವಂತ ಹೋಟೆಲು, ಬಂದದ್ದು ಎರಡು ಕಾರು. ಅಮ್ಮ ಕೋಳಿಸಾರು ಹಾಕಿದ ಕೋರಿರೊಟ್ಟಿ ಮಾಡಿದ್ದರು. ಅಜ್ಜಿ ತಮ್ಮ ಕಡೆಯಿಂದ ಬಟಾಟೆಯ ಪಲ್ಯವೂ ಇರಲಿ ಎಂದು ಮಾಡಿಸಿದರು. ಹುಡುಗ ಅದನ್ನು ಎರಡು ಸಲ ಹಾಕಿಸಿಕೊಂಡ. ಅವನ ತಾಯಿಯೂ ಹಾಕಿಸಿಕೊಂಡು ಕೇಳಿದರು, "ಬಹಳ ರುಚಿ ಉಂಟು. ಎಂತ ಒಗ್ಗರಣೆ ಇದು?"

ಅಮ್ಮ ಬಾಯಿ ತೆರೆಯುವ ಮೊದಲೇ ಅಜ್ಜಿ ಹೇಳಿದರು, "ನಾಯಿಸಾಸಿವೆ. ನಮ್ಮ ಅಂಗಳದ್ದೇ."

ಆ ತಾಯಿಯ ಕೈ ತಟ್ಟೆಯಲ್ಲೇ ನಿಂತಿತು. ಅವರೂ ತುಳುವಿನವರು, ಅವರಿಗೆ ಅನುವಾದ ಬೇಕಿರಲಿಲ್ಲ. ಅವರು ನೀರು ಕುಡಿದರು. ಹುಡುಗ ಬಾಯಲ್ಲಿದ್ದದ್ದನ್ನು ನುಂಗುವುದೋ ಬಿಡುವುದೋ ಎಂದು ತಾಯಿಯ ಮುಖ ನೋಡಿದ. ಅಪ್ಪ ಅವಸರದಲ್ಲಿ ಪಂಡಿತರ ವಿವರಣೆಯನ್ನು ಶುರು ಮಾಡಿದರು. ತುಳಸಿ ಉಂಟು, ನಾಯಿತುಳಸಿ ಉಂಟು ಎಂದು. ಯಾರೂ ಕೇಳಲಿಲ್ಲ. ವಾರದೊಳಗೆ ಜಾತಕ ಕೂಡುವುದಿಲ್ಲ ಎಂದು ಹೇಳಿ ಕಳಿಸಿದರು. ಜಾತಕ ಮೊದಲೇ ಕೂಡಿತ್ತು.

ಅಪ್ಪ ಅಂದು, ಅತಿಥಿ ಎಂಬುದನ್ನು ಮರೆತು, ಅಜ್ಜಿಯ ಮುಂದೆ ಸ್ವರ ಎತ್ತಿದರು. "ಸಾಸಿವೆ ಎಂದು ಹೇಳಿದ್ದರೆ ಸಾಕಿತ್ತಲ್ಲ?"

"ಸಾಸಿವೆಯಲ್ಲವಲ್ಲ" ಎಂದರು ಅಜ್ಜಿ. "ಎರಡು ಸಲ ಹಾಕಿಸಿಕೊಂಡು ತಿಂದ. ಹೆಸರು ಕೇಳಿದ ಮೇಲೆ ಅವನ ನಾಲಿಗೆಗೆ ಎಂತ ಆಯಿತು? ಹೆಸರಿಗೆ ಹೆದರುವ ಮನೆಗೆ ಹುಡುಗಿಯನ್ನು ಕೊಟ್ಟು ಎಂತ ಮಾಡುವುದು?"

ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳು. ಹುಡುಗ ನೋಡಲು ಚೆನ್ನಾಗಿದ್ದ. ಮೇಲಿನವಳು ವಿಷಯ ತಿಳಿದು, ಮಗುವನ್ನು ಎತ್ತಿಕೊಂಡು ಕೆಳಗೆ ಬಂದು, ತನ್ನಿಂದಾಗಿ ಹೀಗಾಯಿತು ಎಂದು ಅತ್ತಳು. ನಾನು ಅವಳನ್ನು ಸಮಾಧಾನ ಮಾಡಿದೆ. ಅಷ್ಟರಲ್ಲಿ ನನ್ನ ಹಿಂದಿ ಮನುಷ್ಯರು ಮಾತಾಡುವ ಹಿಂದಿ ಆಗಿತ್ತು. ಅದೂ ಅವಳಿಂದಲೇ. ಎಂಬತ್ತರ ದಶಕದ ಆರಂಭದಲ್ಲಿ ನನಗೆ ಬೇರೆ ಕಡೆ ಮದುವೆ ಆಯಿತು, ಮಂಗಳೂರಿನಲ್ಲೇ. ಅವರು ನೋಡಲು ಬಂದ ದಿನ ಅಮ್ಮ ಅಜ್ಜಿಯನ್ನು ಅಡಿಗೆಕೋಣೆಗೆ ಬಿಡಲಿಲ್ಲ.

ಮಗು ನಮ್ಮ ಜಗಲಿಯಲ್ಲೇ ಬೆಳೆಯಿತು. ಅದಕ್ಕೆ ಮೊದಲು ಬಂದ ಭಾಷೆ ತುಳು. ತಾಯಿಯ ಹತ್ತಿರ ಏನಾದರೂ ಕೇಳಿ, ಅವಳಿಗೆ ಅರ್ಥವಾಗದಿದ್ದರೆ, ಅಜ್ಜಿಯ ಹತ್ತಿರ ಬಂದು ದೂರು ಹೇಳುತ್ತಿತ್ತು. ಅಜ್ಜಿಗೆ ಅದರಲ್ಲಿ ಸ್ವಲ್ಪ ಹೆಮ್ಮೆ ಇತ್ತು, ತೋರಿಸುತ್ತಿರಲಿಲ್ಲ. ಮಗುವಿಗೆ ಮೂರು ದಾಟಿದಾಗ ಇಂಜಿನಿಯರಿಗೆ ಉತ್ತರದ ಕಡೆಯ ಬೇರೊಂದು ಕಾರ್ಖಾನೆಗೆ ವರ್ಗವಾಯಿತು.

ಅವರು ಹೊರಡುವ ದಿನ ನಾನು ಗಂಡನ ಮನೆಯಿಂದ ಬಂದಿದ್ದೆ. ಟ್ಯಾಕ್ಸಿ ಗೇಟಿನ ಹೊರಗೆ ನಿಂತಿತ್ತು. ಅವಳು ಅಜ್ಜಿಯ ಕಾಲಿಗೆ ಬಿದ್ದಳು. ಅಜ್ಜಿ ಅವಳ ತಲೆ ಮುಟ್ಟಿ, "ಉಪ್ಪು ಸರಿಯಾಗಿ ಹಾಕು" ಎಂದರು. ಅದನ್ನು ನಾನು ತಿರುಗಿಸಿ ಹೇಳಬೇಕಾಗಲಿಲ್ಲ. ಮಗು ಮಾತ್ರ ಅಜ್ಜಿಯ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು, "ಯಾನ್ ಬರ್ಪುಜಿ, ಯಾನ್ ಬರ್ಪುಜಿ" ಎಂದು, ತಾನು ಬರುವುದಿಲ್ಲವೆಂದು ಕೂಗುತ್ತಿತ್ತು. ಬೆರಳುಗಳನ್ನು ಅಜ್ಜಿಯೇ ಒಂದೊಂದಾಗಿ ಬಿಡಿಸಿದರು. ತಂದೆ ಮಗುವನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿದ. ಅದು ಕಿಟಕಿಯಿಂದ ತಲೆ ಹೊರಗೆ ಹಾಕಿ, ತನ್ನನ್ನು ಕದ್ದುಕೊಂಡು ಹೋಗುತ್ತಿದ್ದಾರೆ, ಯಾರಾದರೂ ಬನ್ನಿ ಎಂದು ತುಳುವಿನಲ್ಲಿ ಬೊಬ್ಬೆ ಹಾಕಿತು. ಕಾರಿನಲ್ಲಿ ಅದರ ಪ್ರತಿಯೊಂದು ಶಬ್ದವೂ ಅರ್ಥವಾಗುತ್ತಿದ್ದದ್ದು ಡ್ರೈವರನಿಗೆ ಮಾತ್ರ. ಅವನು ಹಿಂದೆ ತಿರುಗಿ ತುಳುವಿನಲ್ಲೇ ಅದಕ್ಕೆ ಏನೋ ಹೇಳಿದ, ಅದು ಸ್ವಲ್ಪ ಸುಮ್ಮನಾಯಿತು, ಅವನು ಗಾಡಿ ಹೊರಡಿಸಿದ.